ಅಪ್ಪನ ರಬ್ಬರು, ನನ್ನ ರಬ್ಬರು

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಒಂದು ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಹೋಗಿದ್ದೆ. ಅಂಗಡಿಯಲ್ಲಿ ನಲವತ್ತು ರೂಪಾಯಿಗೆ ಸಿಗುವ ಬ್ರಷ್ಷನ್ನು ಹಬ್ಬದ ಉಡುಗೊರೆ ಎಂದು ಯಾರೂ ಕೊಡಲಿಕ್ಕಿಲ್ಲ. ಆದರೆ ಆ ಬ್ರಷ್ಷಿನ ಹಿಡಿಕೆಯಲ್ಲಿ, ಹೆಬ್ಬೆರಳು ಕೂರುವ ಕಡೆ, ಹಸಿರು ಬಣ್ಣದ ಮೆತ್ತನೆಯ ಪಟ್ಟಿಯೊಂದಿತ್ತು. ಅದನ್ನು ಮಾಡಿದವಳು ನಾನು. ಪೂರ್ತಿ ನಾನೇ ಎಂದರೆ ಜಂಬವಾದೀತು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಆ ಪಟ್ಟಿಯ ಮಿಶ್ರಣ ತಯಾರಿಸುವ ಐದು ಜನರಲ್ಲಿ ನಾನೂ ಒಬ್ಬಳು.

ಅಪ್ಪ ಬ್ರಷ್ಷನ್ನು ಜಗಲಿಯ ಬೆಳಕಿಗೆ ಹಿಡಿದರು. ಉಗುರಿನಿಂದ ಒತ್ತಿ ನೋಡಿದರು. ಆಮೇಲೆ ಮೂಗಿನ ಹತ್ತಿರ ತಂದು ಮೂಸಿದರು.

“ಇದು ರಬ್ಬರಾ?”

“ಹೌದಪ್ಪ, ಒಂದು ಥರದ ರಬ್ಬರ್.”

“ವಾಸನೆಯೇ ಇಲ್ಲ ಮಾರಾಯ್ತಿ. ವಾಸನೆ ಇಲ್ಲದ್ದು ಎಂತ ರಬ್ಬರ್?”

ಅಪ್ಪ ಹಾಗೆ ಕೇಳುವುದರಲ್ಲಿ ತಪ್ಪಿರಲಿಲ್ಲ. ಮೂವತ್ತು ವರ್ಷಗಳಿಂದ ಅವರು ರಬ್ಬರನ್ನು ಮೂಗಿನಿಂದಲೇ ಗುರುತಿಸಿದವರು. ನಮ್ಮದು ಸುಳ್ಯದ ಕಡೆಯ ಒಂದು ಹಳ್ಳಿ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಕೆಲಸ ಕೊಡಲೆಂದು ಸುಳ್ಯ, ಪುತ್ತೂರಿನ ಕಡೆ ಸರಕಾರವೇ ರಬ್ಬರ್ ತೋಟ ಎಬ್ಬಿಸಿತ್ತು. ಆ ತೋಟದಲ್ಲಿ ಟ್ಯಾಪಿಂಗ್ ಮಾಡುತ್ತಿದ್ದ ಒಬ್ಬರಿಂದ ಕತ್ತಿ ಹಿಡಿಯಲು ಕಲಿತ ಅಪ್ಪ, ಮನೆ ಹಿಂದಿನ ಗುಡ್ಡೆಯಲ್ಲಿ ತಾವೂ ಇನ್ನೂರು ಚಿಲ್ಲರೆ ಗಿಡ ನೆಟ್ಟರು. ಗಿಡ ನೆಟ್ಟು ಏಳು ವರ್ಷ ಕಾಯಬೇಕು. ಆ ಏಳು ವರ್ಷದ ನಡುವೆ ನಾನು ಹುಟ್ಟಿದೆ. ಅಮ್ಮ ಈಗಲೂ ನನ್ನ ಪ್ರಾಯವನ್ನು ಮರಗಳ ಲೆಕ್ಕದಲ್ಲೇ ಹೇಳುವುದು.

ರಬ್ಬರಿನ ಮನೆಯಲ್ಲಿ ಬೆಳಗು ಕತ್ತಲಲ್ಲೇ ಆಗುತ್ತದೆ. ತಂಪಿದ್ದಾಗ ಹಾಲು ಚೆನ್ನಾಗಿ ಇಳಿಯುತ್ತದೆ ಎಂದು ಅಪ್ಪ ಹಣೆಗೆ ಲೈಟು ಕಟ್ಟಿಕೊಂಡು ನಾಲ್ಕೂವರೆಗೆ ಗುಡ್ಡೆ ಹತ್ತುತ್ತಿದ್ದರು. ತೊಗಟೆಯನ್ನು ಓರೆಯಾಗಿ, ತೆಳ್ಳಗೆ ಕೆತ್ತಬೇಕು. ಕತ್ತಿ ಸ್ವಲ್ಪ ಆಳಕ್ಕೆ ಹೋದರೆ ಮರಕ್ಕೆ ಗಾಯ, ಸ್ವಲ್ಪ ಮೇಲಾದರೆ ಹಾಲಿಲ್ಲ. ಗೆರಟೆಗೆ ಇಳಿದ ಹಾಲನ್ನು ಬಕೆಟ್ಟಿನಲ್ಲಿ ತಂದು, ಸೋಸಿ, ಟ್ರೇಗೆ ಹೊಯ್ದು ಆಸಿಡ್ ಹಾಕಿದರೆ ಅದು ಗಟ್ಟಿ ಮೊಸರಿನ ಹಾಗೆ ಹೆಪ್ಪುಗಟ್ಟುತ್ತಿತ್ತು. ಅದನ್ನು ಮಿಶಿನಿಗೆ ಕೊಟ್ಟು ಒತ್ತಿ ಶೀಟು ಮಾಡಿ, ಹೊಗೆಗೂಡಿನಲ್ಲಿ ಒಣಗಿಸುವುದು. ಹುಳಿ, ಹೊಗೆ ಮತ್ತು ಕೊಳೆತ ಏನೋ ಒಂದು ಸೇರಿದ ಆ ವಾಸನೆ ನನ್ನ ಯೂನಿಫಾರ್ಮಿಗೂ ಹತ್ತಿಕೊಳ್ಳುತ್ತಿತ್ತು. ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುವವಳು ಮಳೆಗಾಲದಲ್ಲಿ ಒಂದು ಗೇಣು ದೂರ ಸರಿದು ಕೂರುತ್ತಿದ್ದಳು.

ಆ ವಾಸನೆಯೇ ನನ್ನನ್ನು ಓದಿಸಿದ್ದು. 2011ರಲ್ಲಿ ರಬ್ಬರ್ ಕೆ.ಜಿ.ಗೆ 200 ರೂಪಾಯಿ ದಾಟಿದಾಗ ಮನೆಗೆ ತಾರಸಿ ಬಂತು. ನಾನು ಮೈಸೂರಿಗೆ ಪಾಲಿಮರ್ ಎಂಜಿನಿಯರಿಂಗ್ ಓದಲು ಹೋದೆ. 2016ರ ಆರಂಭಕ್ಕೆ ಅದೇ ರಬ್ಬರ್ 100ರ ಕೆಳಗೆ ಬಂದಿತ್ತು. ಟ್ಯಾಪಿಂಗಿನ ಕೂಲಿಯೂ ಹುಟ್ಟುವುದಿಲ್ಲವೆಂದು ಊರಿನಲ್ಲಿ ಎಷ್ಟೋ ಜನ ಕತ್ತಿ ಕೆಳಗಿಟ್ಟರು. ಆಗ ಅಪ್ಪ ಫೋನಿನಲ್ಲಿ ಕೇಳಿದ್ದ ಒಂದು ಮಾತು ನೆನಪಿದೆ: “ನೀವು ಕಾಲೇಜಿನಲ್ಲಿ ರಬ್ಬರಿಗೆ ಬದಲಿ ಎಂತಾದ್ರೂ ಮಾಡ್ತಿದ್ದೀರಾ ಹೇಗೆ?” ತಮಾಷೆಗೇ ಕೇಳಿದ್ದು. ನಾನು ನಕ್ಕು ಇಲ್ಲ ಅಂದೆ. ಅದು ನಿಜವಾಗಿರಲಿಲ್ಲ.

*

ಕಾಲೇಜಿನಲ್ಲಿ ರಬ್ಬರಿನ ಪಾಠ ಶುರುವಾಗುವುದು ಚಾರ್ಲ್ಸ್ ಗುಡ್‌ಇಯರ್‌ನಿಂದ. ಹಸಿ ರಬ್ಬರ್ ಸೆಕೆಗೆ ಅಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಈ ಅಮೆರಿಕನ್ ವರ್ಷಗಟ್ಟಲೆ ಒದ್ದಾಡಿ, 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಪಳಗುತ್ತದೆ ಎಂದು ಕಂಡುಕೊಂಡ. 1844ರಲ್ಲಿ ಪೇಟೆಂಟ್ ಸಿಕ್ಕಿತು. 1860ರಲ್ಲಿ ಸಾಯುವಾಗ ತಲೆಯ ಮೇಲೆ ದೊಡ್ಡ ಸಾಲವಿತ್ತು. ಅವನ ಹೆಸರಿನ ಟಯರ್ ಕಂಪೆನಿ ಹುಟ್ಟಿದ್ದು ಅವನು ಸತ್ತು 38 ವರ್ಷಗಳ ಮೇಲೆ. ಅವನಿಗೂ ಅದಕ್ಕೂ ಹೆಸರಿನ ಹೊರತು ಯಾವ ಸಂಬಂಧವೂ ಇಲ್ಲ. ಇದನ್ನು ಅಪ್ಪನಿಗೆ ಹೇಳಿದಾಗ, “ರಬ್ಬರಿನವರ ಕತೆ ಎಲ್ಲ ಕಡೆ ಒಂದೇ” ಎಂದಿದ್ದರು.

ಗಂಧಕ ಮಾಡುವುದಿಷ್ಟು: ರಬ್ಬರಿನ ಉದ್ದುದ್ದ ಅಣುಗಳ ನಡುವೆ ಅಲ್ಲಲ್ಲಿ ಗಂಟು ಹಾಕುತ್ತದೆ. ಈ ಗಂಟುಗಳಿಂದಾಗಿ ಎಳೆದು ಬಿಟ್ಟಾಗ ರಬ್ಬರ್ ತನ್ನ ಜಾಗಕ್ಕೆ ಮರಳುತ್ತದೆ. ಆದರೆ ಈ ಗಂಟು ಒಮ್ಮೆ ಬಿದ್ದರೆ ಬಿತ್ತು. ಅಕ್ಕಿರೊಟ್ಟಿ ಕಾವಲಿಯಲ್ಲಿ ಬೆಂದ ಮೇಲೆ ಅದನ್ನು ಮತ್ತೆ ಹಿಟ್ಟು ಮಾಡಲು ಆಗುತ್ತದೆಯೇ? ಟಯರನ್ನು ಕಾಯಿಸಿದರೆ ಅದು ಕರಗುವುದಿಲ್ಲ, ಸುಡುತ್ತದೆ. ಜಗತ್ತಿನ ಟಯರ್ ರಾಶಿಗಳ ತಾಪತ್ರಯವೆಲ್ಲ ಇಷ್ಟರಲ್ಲೇ ಇದೆ.

ಇದಕ್ಕೆ ಇನ್ನೊಂದು ದಾರಿ ತೋರಿಸಿದ್ದು ಥರ್ಮೋಪ್ಲಾಸ್ಟಿಕ್ ಇಲಾಸ್ಟೊಮರ್. ನಾವು ಚಿಕ್ಕದಾಗಿ ಟಿಪಿಇ ಎನ್ನುತ್ತೇವೆ. ಬಳಸುವಾಗ ರಬ್ಬರಿನ ಹಾಗೆ, ಕಾಯಿಸಿದಾಗ ಪ್ಲಾಸ್ಟಿಕ್ಕಿನ ಹಾಗೆ. 1965ರಲ್ಲಿ ಶೆಲ್ ಕಂಪೆನಿ ಕ್ರೇಟನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಬಗೆಯ ಗುಟ್ಟನ್ನು ನಮ್ಮ ಮೇಷ್ಟ್ರು ಬೋರ್ಡಿನಲ್ಲಿ ಬಿಡಿಸಿ ತೋರಿಸಿದ್ದರು. ಅಣುವಿನ ನಡುಭಾಗ ಮೆತ್ತಗಿನ ರಬ್ಬರ್, ಎರಡೂ ತುದಿ ಗಟ್ಟಿಯಾದ ಪಾಲಿಸ್ಟೈರೀನ್. ನಾನು ಅದನ್ನು ಹೀಗೆ ಅರ್ಥಮಾಡಿಕೊಂಡೆ: ರಾಶಿ ಹಗ್ಗಗಳ ಎರಡೂ ತುದಿಗೆ ಬೆಲ್ಲದ ಪಾಕ ಮೆತ್ತಿದ್ದಾರೆ ಎಂದುಕೊಳ್ಳಿ. ಪಾಕ ಆರಿದಾಗ ಹತ್ತಾರು ಹಗ್ಗಗಳ ತುದಿಗಳು ಒಂದಕ್ಕೊಂದು ಅಂಟಿ ಉಂಡೆಗಳಾಗುತ್ತವೆ. ಹಗ್ಗಗಳನ್ನು ಜಗ್ಗಿದರೂ ಉಂಡೆಗಳು ಹಿಡಿದುಕೊಂಡಿರುತ್ತವೆ. ಬಿಸಿ ಮಾಡಿದರೆ ಬೆಲ್ಲ ಕರಗಿ ಹಗ್ಗಗಳು ಬಿಡಿಬಿಡಿಯಾಗುತ್ತವೆ. ಮತ್ತೆ ಬೇಕಾದ ಅಚ್ಚಿಗೆ ಹೊಯ್ದು ಆರಿಸಬಹುದು. ಗಂಧಕದ್ದು ಬಿಡಿಸಲಾಗದ ಗಂಟು. ಇಲ್ಲಿರುವುದು ಬಿಸಿಯಾದರೆ ಬಿಟ್ಟುಕೊಡುವ ಅಂಟು.

ಹತ್ತೊಂಬತ್ತರ ಪ್ರಾಯದಲ್ಲಿ ನನಗೆ ಇದು ಪವಾಡದಂತೆ ಕಂಡಿತ್ತು. ಕಸವಾಗದ ರಬ್ಬರ್! ಅಪ್ಪನಿಗೆ ಇಲ್ಲ ಎಂದು ಹೇಳಿ ಫೋನಿಟ್ಟ ಅದೇ ವಾರ ನಾನು ನನ್ನ ಪ್ರಾಜೆಕ್ಟಿಗೆ ಟಿಪಿಇಯನ್ನು ಆರಿಸಿಕೊಂಡೆ.

*

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಬಳಸುವುದು ಇದೇ ಕುಟುಂಬದ, ಬಿಸಿಲಿಗೆ ಇನ್ನಷ್ಟು ತಡೆಯುವ ತಮ್ಮನನ್ನು. ಎಸ್‌ಇಬಿಎಸ್ ಎಂದು ಅದರ ಹೆಸರು. ಅದಕ್ಕೆ ಪಾಲಿಪ್ರೊಪಿಲೀನ್, ಬಿಳಿ ಎಣ್ಣೆ, ಸುಣ್ಣದ ಕಲ್ಲಿನ ಪುಡಿ ಮತ್ತು ಬಣ್ಣ ಸೇರಿಸುತ್ತೇವೆ. ಎರಡು ಸ್ಕ್ರೂಗಳು ಒಟ್ಟಿಗೆ ತಿರುಗುವ ಯಂತ್ರದಲ್ಲಿ 200 ಡಿಗ್ರಿಯ ಆಸುಪಾಸಿನಲ್ಲಿ ಅದನ್ನು ನಾದಿದರೆ ಶಾವಿಗೆಯಂತೆ ಹೊರಬರುತ್ತದೆ. ಅದನ್ನು ನೀರಿನಲ್ಲಿ ತಣಿಸಿ ಕಾಳುಕಾಳಾಗಿ ಕತ್ತರಿಸುವುದು. ಈ ಕಾಳಿಗೆ ನಮ್ಮಲ್ಲಿ ‘ದಾನಾ’ ಎನ್ನುತ್ತಾರೆ. ಬ್ರಷ್ ಮಾಡುವವರು ಮೊದಲು ಪಾಲಿಪ್ರೊಪಿಲೀನಿನಿಂದ ಗಟ್ಟಿ ಹಿಡಿಕೆಯನ್ನು ಅಚ್ಚು ಹಾಕಿ, ಅದರ ಮೇಲೆ ನಮ್ಮ ದಾನಾ ಕರಗಿಸಿ ಮೆತ್ತನೆಯ ಪಟ್ಟಿಯನ್ನು ಕೂರಿಸುತ್ತಾರೆ. ಎರಡೂ ಒಂದೇ ಜಾತಿಯವಾದ್ದರಿಂದ ಅಂಟು ಹಾಕದೆಯೇ ಕಚ್ಚಿಕೊಳ್ಳುತ್ತವೆ.

ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾಗುವುದು ಕಾರ್ಖಾನೆಯ ಮೂಲೆಯಲ್ಲಿರುವ ಒಂದು ಗದ್ದಲದ ಗ್ರೈಂಡರ್. ಅಚ್ಚಿನಲ್ಲಿ ಮಿಕ್ಕ ತುಂಡು, ಹಾಳಾದ ಮಾದರಿ, ಮೊದಲ ಐದು ನಿಮಿಷದ ಕೆಟ್ಟ ಶಾವಿಗೆ ಎಲ್ಲವೂ ಅದರ ಬಾಯಿಗೆ ಹೋಗಿ, ಪುಡಿಯಾಗಿ, ಮತ್ತೆ ಯಂತ್ರಕ್ಕೆ ಬರುತ್ತವೆ. ಸಾಯಂಕಾಲ ಗುಡಿಸಿದರೆ ಕಸದ ಡಬ್ಬಿಯಲ್ಲಿ ಟೀ ಕಪ್ಪುಗಳು ಮಾತ್ರ. ಸೇರಿದ ಹೊಸತರಲ್ಲಿ ಅದರ ವಿಡಿಯೋ ಮಾಡಿ ಅಪ್ಪನಿಗೆ ಕಳಿಸಿದ್ದೆ. “ಶಬ್ದ ಜೋರುಂಟು” ಎಂದು ಉತ್ತರ ಬಂದಿತ್ತು.

ದೀಪಾವಳಿಗೆ ಹೊರಡುವ ಮೊದಲು ನನ್ನ ಮೇಜಿನ ಮೇಲೆ ಒಂದು ಕಾಗದ ಬಂದಿತ್ತು. ಆ ಹಸಿರು ಪಟ್ಟಿಯ ಬ್ರಷ್ಷಿನ ಡಬ್ಬಿಯ ಮೇಲೆ ‘ಸಂಪೂರ್ಣ ಮರುಬಳಕೆ ಯೋಗ್ಯ’ ಎಂದು ಅಚ್ಚು ಹಾಕಲು ಗ್ರಾಹಕ ಕಂಪೆನಿಗೆ ತಾಂತ್ರಿಕ ದೃಢೀಕರಣ ಬೇಕಿತ್ತು. ಅದಕ್ಕೆ ನನ್ನ ಸಹಿ. ಇಂಥ ಕಾಗದಗಳಿಗೆ ಹಿಂದೆಯೂ ಸಹಿ ಹಾಕಿದ್ದೆ. ಟಿಪಿಇ ಕರಗುತ್ತದೆ, ಪಾಲಿಪ್ರೊಪಿಲೀನ್ ಕರಗುತ್ತದೆ, ಎರಡನ್ನೂ ಒಟ್ಟಿಗೆ ಪುಡಿ ಮಾಡಿದರೆ ಬಳಸಬಹುದಾದ ಮಾಲೇ ಸಿಗುತ್ತದೆ. ನಾವೇ ಪರೀಕ್ಷಿಸಿ ನೋಡಿದ್ದೆವು. ಸುಳ್ಳೇನೂ ಇಲ್ಲ. ರಜೆ ಮುಗಿಸಿ ಬಂದು ಹಾಕುತ್ತೇನೆ ಎಂದು ಕಾಗದವನ್ನು ಡ್ರಾಯರಿನಲ್ಲಿಟ್ಟು ಬಸ್ಸು ಹತ್ತಿದ್ದೆ.

*

ವಾಸನೆಯ ಮಾತು ಮುಗಿದ ಮೇಲೆ ನಾನು ಅಪ್ಪನಿಗೆ ರೊಟ್ಟಿ ಮತ್ತು ಬೆಲ್ಲದ ಉದಾಹರಣೆ ಕೊಟ್ಟು ಎಲ್ಲವನ್ನೂ ವಿವರಿಸಿದೆ. ಇದು ಮರದ್ದಲ್ಲ, ಕಚ್ಚಾ ತೈಲದಿಂದ ಬರುವುದು ಎಂದೂ ಹೇಳಿದೆ. ಅಪ್ಪ ಎಲೆ ಅಡಿಕೆ ಹಾಕಿಕೊಂಡು ತಾಳ್ಮೆಯಿಂದ ಕೇಳಿದರು.

“ಹಾಗಾದ್ರೆ ನನ್ನ ರಬ್ಬರನ್ನು ಒಮ್ಮೆ ಬೇಯಿಸಿದ್ರೆ ಮುಗಿಯಿತು, ನಿಂದು ಎಷ್ಟು ಸಲ ಬೇಕಾದ್ರೂ ಕರಗ್ತದೆ. ಅಲ್ವಾ?”

“ಎಷ್ಟು ಸಲ ಬೇಕಾದ್ರೂ ಅಂತ ಅಲ್ಲ. ಪ್ರತಿ ಸಲ ಸ್ವಲ್ಪ ಸ್ವಲ್ಪ ಬಲ ಕಡಿಮೆಯಾಗ್ತದೆ. ಆದ್ರೂ ಕರಗ್ತದೆ.”

“ಸರಿ. ಹಳೇ ಟಯರ್ ಕೇಳಿಕೊಂಡು ಜನ ಬರ್ತಾರೆ. ಕೆಲವರು ರೀಸೋಲ್ ಮಾಡಿಸ್ತಾರೆ, ಕೆಲವರು ಪುಡಿ ಮಾಡಲಿಕ್ಕೆ ಕೊಂಡೋಗ್ತಾರೆ. ನಮ್ಮ ಹಟ್ಟಿಯಲ್ಲಿ ದನಕ್ಕೆ ನೀರು ಇಡುವುದೂ ಟಯರಿನದ್ದೇ. ಕರಗದೇ ಇದ್ರೂ ಅದಕ್ಕೆ ಗಿರಾಕಿ ಉಂಟು. ನಿನ್ನ ಬ್ರಷ್ ಹಳತಾದ ಮೇಲೆ ಕೊಂಡೋಗ್ಲಿಕ್ಕೆ ಯಾರು ಬರ್ತಾರೆ?”

ನಾನು ಉತ್ತರ ಹುಡುಕುತ್ತಿದ್ದಾಗ ಅಮ್ಮ ಒಳಗಿನಿಂದ ಹೇಳಿದರು, “ಹಳೇ ಬ್ರಷ್ ಎಲ್ಲ ಬಚ್ಚಲ ಕಿಟಕಿಯಲ್ಲೇ ಉಂಟು, ಬೇಕಾದ್ರೆ ಕೊಂಡೋಗು.” ಹೋಗಿ ನೋಡಿದೆ. ಒಂಬತ್ತು ಬ್ರಷ್ಷುಗಳಿದ್ದವು. ಒಂದು ಟ್ಯಾಪಿಂಗ್ ಕತ್ತಿ ತೊಳೆಯಲು, ಒಂದು ಹೊಲಿಗೆ ಮಿಶಿನಿನ ಧೂಳಿಗೆ, ಒಂದು ದೇವರ ಸಾಮಾನಿಗೆ. ಉಳಿದ ಆರಕ್ಕೆ ಕೆಲಸವಿರಲಿಲ್ಲ. ಒಲೆಗೆ ಹಾಕಿದರೆ ನಾತ, ಗುಡ್ಡೆಗೆ ಎಸೆದರೆ ಮಣ್ಣಾಗುವುದಿಲ್ಲ ಎಂದು ಅಮ್ಮ ಹಾಗೇ ಇಟ್ಟಿದ್ದರು. ನಾನು ಆ ಆರನ್ನೂ ಒಂದು ಕವರಿನಲ್ಲಿ ಕಟ್ಟಿಕೊಂಡು ಬೆಂಗಳೂರಿಗೆ ತಂದೆ.

ನನ್ನ ಬಾಡಿಗೆ ಮನೆಯಿಂದ ಎರಡು ಬೀದಿ ಆಚೆ ಒಣ ತ್ಯಾಜ್ಯ ಸಂಗ್ರಹ ಕೇಂದ್ರವಿದೆ. ದಿನವೂ ಅದರ ಮುಂದೆಯೇ ಓಡಾಡಿದರೂ ಒಳಗೆ ಹೋಗಿರಲಿಲ್ಲ. ಶನಿವಾರ ಕವರು ಹಿಡಿದುಕೊಂಡು ಹೋದೆ. ಒಳಗೆ ನಾಲ್ಕೈದು ಹೆಂಗಸರು ನೆಲದ ಮೇಲೆ ಕೂತು ರಾಶಿಯನ್ನು ಬೇರ್ಪಡಿಸುತ್ತಿದ್ದರು. ನೀರಿನ ಬಾಟಲಿ ಒಂದು ಕಡೆ, ಹಾಲಿನ ಕವರು ಒಂದು ಕಡೆ, ಗಟ್ಟಿ ಡಬ್ಬಿಗಳು ಇನ್ನೊಂದು ಕಡೆ. ನಾವು ಪ್ರಯೋಗಾಲಯದಲ್ಲಿ ಯಂತ್ರಕ್ಕೆ ಹಾಕಿ ಗುರುತಿಸುವ ಪ್ಲಾಸ್ಟಿಕ್ಕನ್ನು ಅವರು ನೆಲಕ್ಕೆ ತಟ್ಟಿ, ಶಬ್ದ ಕೇಳಿ ಹೇಳುತ್ತಿದ್ದರು.

“ಅಕ್ಕ, ಇದನ್ನ ತಗೋತೀರಾ?” ಎಂದು ಬ್ರಷ್ಷುಗಳನ್ನು ಚಾಚಿದೆ.

ಐವತ್ತು ದಾಟಿದ ಒಬ್ಬರು ಒಂದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. “ಕೊಡಿ, ಇಡ್ತೀವಿ. ಆದ್ರೆ ಇದಕ್ಕೆ ಕಾಸು ಬರಲ್ಲ ಮೇಡಂ. ನೋಡಿ, ಹಿಡಿ ಒಂಥರಾ, ಈ ರಬ್ಬರು ಒಂಥರಾ, ಕೂದಲು ಒಂಥರಾ. ಒಳಗೆ ಕಬ್ಬಿಣ ಬೇರೆ ಇರತ್ತೆ. ಇದನ್ನ ಯಾರು ಬಿಡಿಸ್ತಾರೆ? ಒಂದು ಕೆ.ಜಿ. ಆಗಕ್ಕೆ ಎಷ್ಟು ಬ್ರಷ್ ಬೇಕು?”

ಅವರು ಹೇಳಿದ್ದು ಕಬ್ಬಿಣವಲ್ಲ, ನೈಲಾನಿನ ಕೂದಲನ್ನು ರಂಧ್ರದಲ್ಲಿ ಕಚ್ಚಿಸಿ ಹಿಡಿಯುವ ಬೇರೊಂದು ಲೋಹದ ಚೂರು. ಅಷ್ಟು ಬಿಟ್ಟರೆ ಅವರ ಮಾತಿನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

“ಮತ್ತೆ ಇದೆಲ್ಲ ಎಲ್ಲಿಗೆ ಹೋಗತ್ತೆ?”

“ಸಿಮೆಂಟ್ ಫ್ಯಾಕ್ಟರಿಗೆ. ಉರಿಸಕ್ಕೆ,” ಎಂದು ಅವರು ಮೂಲೆಯ ದೊಡ್ಡ ರಾಶಿಯತ್ತ ಬ್ರಷ್ಷುಗಳನ್ನು ಎಸೆದರು. ಚಿಪ್ಸ್ ಪೊಟ್ಟಣ, ಹರಿದ ಚಪ್ಪಲಿ, ಪೆನ್ನು, ಆಟಿಕೆಗಳ ನಡುವೆ ನನ್ನ ಬೆಲ್ಲದ ಪಾಕದ ರಬ್ಬರೂ ಹೋಗಿ ಬಿತ್ತು. ಅದು ಮತ್ತೆ ಕರಗಲಿಕ್ಕೆ ಪೂರ್ತಿ ತಯಾರಿತ್ತು. ಆದರೆ ಅದನ್ನು ಯಾರೂ ಕೇಳುವವರಿರಲಿಲ್ಲ.

*

ಹಾಗೆಂದು ಟಿಪಿಇಯೇ ಮೋಸ ಎನ್ನಲು ನನಗೆ ಮನಸ್ಸಿಲ್ಲ. ಈ ಕ್ಷೇತ್ರದಲ್ಲಿ ನಡೆಯುತ್ತಿರುವುದನ್ನು ನೋಡಿದರೆ ಈಗಲೂ ಖುಷಿಯಾಗುತ್ತದೆ. ಅಪ್ಪನಿಗೆ ಹೇಳಿದಾಗ ಅವರೂ ಕಿವಿ ನಿಮಿರಿಸಿದ್ದು ಹರಳೆಣ್ಣೆಯ ಸುದ್ದಿಗೆ. ಅಜ್ಜಿ ದೀಪಾವಳಿಯ ಅಭ್ಯಂಜನಕ್ಕೆ ನಮ್ಮ ನೆತ್ತಿಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ. ಅದರಿಂದ ನೈಲಾನ್ 11 ಎಂಬ ಪಾಲಿಮರ್ ಮಾಡುತ್ತಾರೆ. ಆ ನೈಲಾನನ್ನು ಗಟ್ಟಿ ಭಾಗವಾಗಿಟ್ಟು, ಮೆತ್ತಗಿನ ಇನ್ನೊಂದನ್ನು ಜೋಡಿಸಿದ ಪೆಬ್ಯಾಕ್ಸ್ ಎಂಬ ಟಿಪಿಇ ಬಗೆಗಳಿವೆ. ಹಿಮದಲ್ಲಿ ಜಾರುವ ಬೂಟಿಗೂ ಓಟಗಾರರ ಶೂಗಳಿಗೂ ಇಂಥ ಟಿಪಿಇ ಬಳಕೆಯಾಗುತ್ತದೆ. ಜಗತ್ತಿನ ಹರಳಿನ ಬಹುಪಾಲು ಬೆಳೆಯುವುದು ನಮ್ಮ ದೇಶದಲ್ಲಿ, ಅದರಲ್ಲೂ ಗುಜರಾತಿನಲ್ಲಿ. “ಆಗ ಅದೂ ರೈತರದ್ದೇ ಅನ್ನು,” ಎಂದರು ಅಪ್ಪ, ಸ್ವಲ್ಪ ಸಮಾಧಾನದಿಂದ.

ಇನ್ನೊಂದು ಕಡೆ, ಪ್ಯಾರಿಸ್ಸಿನ ಲುಡ್ವಿಕ್ ಲೈಬ್ಲರ್ ಮತ್ತು ಅವರ ಸಂಗಡಿಗರು 2011ರಲ್ಲಿ ವಿಟ್ರಿಮರ್ ಎಂಬ ಹೊಸ ಜಾತಿಯನ್ನು ತೋರಿಸಿದರು. ಅದರಲ್ಲಿ ಗಂಟು ಗಂಧಕದ್ದರಂತೆ ಗಟ್ಟಿ, ಆದರೆ ಬಿಸಿಯಾದಾಗ ಗಂಟುಗಳು ಬಿಚ್ಚಿಹೋಗದೆ ಪರಸ್ಪರ ಜಾಗ ಬದಲಿಸಿಕೊಳ್ಳುತ್ತವೆ. ಬೆಂದ ರೊಟ್ಟಿಯನ್ನು ಮತ್ತೆ ಹಿಟ್ಟು ಮಾಡುವ ದಾರಿ ಪೂರ್ತಿ ಮುಚ್ಚಿಲ್ಲ ಎಂದಂತಾಯಿತು.

ಇವೆಲ್ಲ ನಿಜ. ಆದರೆ ವಸ್ತು ಗಿಡದಿಂದ ಬಂತೇ ಎಂಬುದು ಒಂದು ಪ್ರಶ್ನೆ, ಅದನ್ನು ಕರಗಿಸಬಹುದೇ ಎಂಬುದು ಇನ್ನೊಂದು, ಬಳಸಿದ ಮೇಲೆ ಅದು ಕರಗಿಸುವವರ ಕೈಗೆ ತಲುಪುತ್ತದೆಯೇ ಎಂಬುದು ಮೂರನೆಯದು. ನಾವು ಮೊದಲ ಎರಡಕ್ಕೆ ಉತ್ತರ ಕೊಟ್ಟು ಮೂರನೆಯದಕ್ಕೂ ಸೇರಿಸಿ ಸಹಿ ಹಾಕಿಬಿಡುತ್ತೇವೆ. ನಾನು ಹಾಕುತ್ತಿದ್ದೆ. ಕಾರ್ಖಾನೆಯ ಮೂಲೆಯ ಗ್ರೈಂಡರನ್ನೇ ಜಗತ್ತು ಎಂದುಕೊಂಡಿದ್ದೆ. ಅಲ್ಲಿ ಹಸಿರು ತುಂಡು ಹಸಿರು ತುಂಡಿನ ಜೊತೆಗೇ, ಶುಚಿಯಾಗಿ, ಎರಡು ಮಾರು ದೂರದಿಂದ ಬಂದು ಬೀಳುತ್ತದೆ. ಆ ಹೆಂಗಸಿನ ಮುಂದಿನ ರಾಶಿಯಲ್ಲಿ ಈ ಯಾವ ಅನುಕೂಲವೂ ಇಲ್ಲ.

ಸೋಮವಾರ ನಾನು ಸಹಿ ಹಾಕದೆ, ಬೇರೆ ಎರಡು ವಾಕ್ಯ ಬರೆದು ಕೊಟ್ಟೆ. ‘ಹಿಡಿಕೆಯ ವಸ್ತುವನ್ನು ಕಾರ್ಖಾನೆಯಲ್ಲಿ ಕರಗಿಸಿ ಮತ್ತೆ ಬಳಸಬಹುದು. ಬಳಸಿದ ಬ್ರಷ್ಷನ್ನು ಸಂಗ್ರಹಿಸಿ ಬಿಡಿಸುವ ವ್ಯವಸ್ಥೆ ಸದ್ಯ ಇಲ್ಲ.’ ನನ್ನ ಮೇಲಿನವರು ಒಳ್ಳೆಯ ಮನುಷ್ಯ, ಸಿಟ್ಟಾಗಲಿಲ್ಲ. “ನಮ್ಮ ಕೆಲಸ ವಸ್ತುವಿನದ್ದು. ಕಸ ಎತ್ತುವುದು ನಗರಪಾಲಿಕೆಯದ್ದು. ಅವರು ಮಾಡದಿದ್ದರೆ ನಮ್ಮ ವಸ್ತುವಿನ ಗುಣ ಸುಳ್ಳಾಗುತ್ತದೆಯೇ?” ಎಂದು ಕೇಳಿದರು. ಮಾತು ತೆಗೆದುಹಾಕುವಂಥದ್ದಲ್ಲ. ನಾನು ಇಷ್ಟೇ ಹೇಳಿದೆ: “ವಸ್ತುವಿನ ಗುಣ ಸುಳ್ಳಾಗುವುದಿಲ್ಲ ಸರ್. ಆದರೆ ಡಬ್ಬಿಯನ್ನು ಓದುವುದು ಕೊಂಡವರು. ಅವರ ಮನೆಯಲ್ಲಿ ಗ್ರೈಂಡರ್ ಇರುವುದಿಲ್ಲ.”

ಗ್ರಾಹಕ ಕಂಪೆನಿ ನನ್ನ ಎರಡೂ ವಾಕ್ಯಗಳನ್ನು ಕೈಬಿಟ್ಟಿತು. ಈಗ ಡಬ್ಬಿಯ ಮೇಲೆ ‘ಮೃದು ಹಿಡಿಕೆ’ ಎಂದಷ್ಟೇ ಇದೆ. ಗೆದ್ದೆ ಎನ್ನುವಂತಿಲ್ಲ, ಸೋತೆ ಎನ್ನುವಂತೆಯೂ ಇಲ್ಲ. ಬ್ರಷ್ಷುಗಳು ಮೊದಲಿನಷ್ಟೇ ಹೋಗುತ್ತಿವೆ, ಸಿಮೆಂಟ್ ಫ್ಯಾಕ್ಟರಿಯ ರಾಶಿಗೂ ಬೀಳುತ್ತಿರಬೇಕು.

ಆದರೆ ಆ ಅಕ್ಕ ಕೇಳಿದ “ಇದನ್ನ ಯಾರು ಬಿಡಿಸ್ತಾರೆ?” ಎಂಬ ಪ್ರಶ್ನೆ ನನ್ನ ಮೇಜಿನ ಮೇಲೆ ಬೇರೆ ರೂಪದಲ್ಲಿ ಕೂತಿದೆ. ಬಿಡಿಸುವ ಕಷ್ಟವೇ ಬೇಡವೆಂದು ತಲೆಯ ಭಾಗ ಕಳಚಿ ಬರುವ ಹಿಡಿಕೆಯೊಂದನ್ನು ಅಚ್ಚಿನವರ ಕೈಕಾಲು ಹಿಡಿದು ಮಾಡಿಸಿದೆ. ಇಂಥ ಬ್ರಷ್ ಹೊಸ ಯೋಚನೆಯೇನಲ್ಲ, ಬೇರೆಯವರೂ ಮಾಡುತ್ತಾರೆ. ಕೂದಲು ಸವೆದಾಗ ತಲೆ ಮಾತ್ರ ಬದಲಿಸುವುದು, ಹಿಡಿಕೆಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವುದು. ಕೊನೆಗೊಮ್ಮೆ ಹಿಡಿಕೆ ರಾಶಿಗೆ ಹೋದರೂ ಅದರಲ್ಲಿ ನೈಲಾನಿಲ್ಲ, ಲೋಹವಿಲ್ಲ. ಪಾಲಿಪ್ರೊಪಿಲೀನ್ ಮತ್ತು ಅದರ ನೆಂಟನಾದ ನಮ್ಮ ಟಿಪಿಇ ಮಾತ್ರ. ಗಟ್ಟಿ ಡಬ್ಬಿಗಳ ಜೊತೆ ಹಾಕಬಹುದು. ಮಾದರಿಯನ್ನು ತೆಗೆದುಕೊಂಡು ಮತ್ತೆ ಕೇಂದ್ರಕ್ಕೆ ಹೋದೆ. ಅಕ್ಕ ಹಿಡಿಕೆಯನ್ನು ನೆಲಕ್ಕೆ ತಟ್ಟಿ, “ಇದಾದ್ರೆ ಆ ಕಡೆ ಹಾಕಬೋದು,” ಎಂದು ಡಬ್ಬಿಗಳ ರಾಶಿಯನ್ನು ತೋರಿಸಿದರು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಸಿಕ್ಕಿದ ತಾಂತ್ರಿಕ ದೃಢೀಕರಣಗಳಲ್ಲಿ ನಾನು ಹೆಚ್ಚು ನಂಬುವುದು ಇದನ್ನೇ. ಬೆಲೆ ಹೆಚ್ಚಾಗುತ್ತದೆ ಎಂದು ಗ್ರಾಹಕರು ಇನ್ನೂ ಒಪ್ಪಿಲ್ಲ.

ಒಂದು ಮಾದರಿಯನ್ನು, ನಾಲ್ಕು ಬಿಡಿ ತಲೆಗಳ ಜೊತೆ ಅಪ್ಪನಿಗೆ ಕಳಿಸಿದ್ದೆ. ಮೊನ್ನೆ ಫೋನು ಬಂತು. ಮಳೆ ಬಿಟ್ಟಿದೆ, ಮರಗಳಿಗೆ ಮತ್ತೆ ಗೀರು ಹಾಕಲು ಶುರುಮಾಡಿದ್ದಾರಂತೆ. ರೇಟು ಪರವಾಗಿಲ್ಲವಂತೆ. ಎಲ್ಲ ಹೇಳಿ ಮುಗಿಸಿ ಫೋನಿಡುವ ಮೊದಲು, “ತಲೆ ಎರಡನೇದು ಹಾಕಿದೆ. ಹಿಡಿ ಅದೇ ಉಂಟು,” ಎಂದರು. ಸ್ವಲ್ಪ ತಡೆದು, “ವಾಸನೆ ಮಾತ್ರ ಇನ್ನೂ ಬರಲಿಲ್ಲ” ಎಂದು ನಕ್ಕರು.